ಹತ್ತಕ್ಕೆ ಹತ್ತು

ಶಾಲೆಯ ಮಕ್ಕಳು ಇಟ್ಟ ಹೆಸರು ಎಸ್ ಮೇಷ್ಟ್ರು. ಇಂಗ್ಲಿಷ್ ವಾಕ್ಯದಲ್ಲಿ ಕೆಲಸ ಮಾಡುವವನು ಒಬ್ಬನೇ ಆದರೆ ಕ್ರಿಯಾಪದದ ಬಾಲಕ್ಕೆ ಎಸ್ ಬರಬೇಕು. ಮರೆತವರ ಗೆಣ್ಣಿಗೆ ಅಡಿಕೋಲಿನ ಏಟು. ಮೇಷ್ಟ್ರು ಎಂದ ಮೇಲೆ ‘ಬಂದರು, ಹೋದರು’ ಎಂದು ಬಹುವಚನ ಕೊಡಬೇಕು ನಿಜ. ಮುಂದಿನದು ಕೇಳಿದರೆ ನಿಮಗೂ ಕೊಡಲು ಮನಸ್ಸು ಬಾರದು.

ಅವನಿಗೆ ಒಬ್ಬಳೇ ಮಗಳು. ಹಾಸ್ಟೆಲಿನಿಂದ ಅವಳು ಬರೆದ ಕಾಗದಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಅವಳಿಗೇ ವಾಪಸು ಅಂಚೆಗೆ ಹಾಕುತ್ತಿದ್ದ. ಏಳರ ಮೇಲೆ ಎಂದೂ ಸಿಗಲಿಲ್ಲ. ಮದುವೆಯಾದ ಮೇಲೂ ಅವಳು ಇಂಗ್ಲಿಷಿನಲ್ಲೇ ಬರೆದಳು. ಅಪ್ಪನನ್ನು ಮೆಚ್ಚಿಸಲು ಅಲ್ಲ. ಗಂಡನ ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ.

ಆ ಕಾಗದ ಬಂದ ದಿನ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

“ಏನಂತ್ರೀ ಬರ್ದಿದಾಳೆ?”

“ಗಂಡ ದಿನಾ ಹೊಡೀತಾನಂತೆ, ಬಂದು ಕರ್ಕೊಂಡು ಹೋಗಿ ಅಂತ. ಆರು ಸಾಲಲ್ಲಿ ನಾಲ್ಕು ತಪ್ಪು! ಗಂಡ ಒಬ್ಬನೇ ತಾನೆ? ಎಸ್ ಎಲ್ಲಿ?”

“ಅಯ್ಯೋ, ನಡೀರಿ, ಈಗ್ಲೇ ಹೋಗೋಣ.”

“ಪರೀಕ್ಷೆ ಮುಗೀಲಿ. ಸಂಸಾರ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ.”

ಹೊಡೆಯುತ್ತಾನೆ ಎಂಬ ಮಾತಿನ ಬಾಲಕ್ಕೆ ಕೆಂಪು ಎಸ್ ಅಂಟಿಸಿ, ಹತ್ತಕ್ಕೆ ಎರಡು ಎಂದು ಬರೆದು, ಎಂದಿನಂತೆ ಅಂಚೆಗೆ ಹಾಕಿ ಬಂದ. ಕಲ್ಲಾದರೂ ಕರಗೀತು, ಈ ಮನುಷ್ಯ ಕರಗಲಿಲ್ಲ.

ಹದಿನೈದು ದಿನಕ್ಕೆ ಇನ್ನೊಂದು ಕಾಗದ ಬಂತು. ಗಂಡ ಚೆನ್ನಾಗಿ ನೋಡಿಕೊಳ್ಳುತ್ತಾನೆ, ಅತ್ತೆ ಹೆತ್ತ ತಾಯಿಗಿಂತ ಹೆಚ್ಚು, ಯಾರೂ ಬರುವುದು ಬೇಡ ಎಂದಿತ್ತು. ಒಂದು ಎಸ್ ಕೂಡ ತಪ್ಪಿರಲಿಲ್ಲ. ಅವನು ಎರಡು ಸಲ ಓದಿದ. ಕೆಂಪು ಪೆನ್ನು ತೆಗೆದು, ಮೊದಲ ಬಾರಿಗೆ, ಹತ್ತಕ್ಕೆ ಹತ್ತು ಹಾಕಿದ.

ಇಂಗ್ಲಿಷಿನ ಗಂಧಗಾಳಿ ಇಲ್ಲದ ಹೆಂಡತಿ ಕಾಗದ ಇಸಕೊಂಡು ನೋಡಿದಳು.

“ಇದು ಅವಳ ಅಕ್ಷರ ಅಲ್ಲಾರೀ. ಅವಳ ಸಾಲು ಕೆಳಕ್ಕೆ ಜಾರುತ್ತೆ. ನೀವು ತಿದ್ದಿ ಕಳ್ಸಿದ್ದು ಗಂಡನ ಮನೆಯವರ ಕೈಗೇ ಸಿಕ್ಕಿದೆ. ಯಾರ ಹತ್ರಾನೋ ಓದಿಸಿ, ಅವರ ಕೈಲೇ ಬರೆಸಿದಾರೆ. ನನ್ನ ಮಗು ಎಲ್ರೀ?”

ಮಗಳ ಅಕ್ಷರ ಅವನಿಗೆ ಗೊತ್ತಿಲ್ಲವೇ? ಲಕೋಟೆ ಒಡೆದ ಕೂಡಲೇ ಗೊತ್ತಾಗಿತ್ತು.

ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಓಡಿದಳು. ಅವನು ಕಾಗದವನ್ನು ನೀಟಾಗಿ ಮಡಿಸಿ, ಸ್ಟಾಫ್ ರೂಮಿನಲ್ಲಿ ತೋರಿಸಲು ಜೇಬಿಗಿಟ್ಟುಕೊಂಡ.