ಮೊದಲ ಗುಳಿಗೆ ಸೊಸೆಗೆ

ಯಮನೂರಮ್ಮನಿಗೆ ಕಾಯಂ ನೌಕರಿ ಇಲ್ಲ. ಜವಳಗೇರಾ ಹತ್ತಿರದ ಕಾಲುವೆ ಕ್ಯಾಂಪಿನ ದವಾಖಾನೆಯಲ್ಲಿ ಆಕೆ ದಿನಗೂಲಿ ಆಯಾ. ಪ್ರತಿ ಸೋಮವಾರ ಕೋಳಿ ಕೂಗುವ ಹೊತ್ತಿಗೆ ಮಲೇರಿಯಾ ಗುಳಿಗೆಯ ಡಬ್ಬಿ, ಒಂದು ತಂಬಿಗೆ ನೀರು ಹಿಡಿದು ಗುಡಿಸಲು ಸಾಲಿಗೆ ಇಳಿಯುತ್ತಾಳೆ.

“ಸೊಸಿ ಎಲ್ಲಿ? ಮೊದಲು ಆಕಿನ್ನ ಕರೀರಿ.”

“ಬಂದ್ಲು ನೋಡ್ರೆವ್ವಾ, ಸೊಸ್ತ್ಯಾರ ವಕೀಲ!” ಒಲೆಯ ಮುಂದಿನಿಂದ ಮುದುಕಿಯೊಬ್ಬಳು ಚುಚ್ಚುತ್ತಾಳೆ.

“ಹೂಂ, ನಿನ್ನ ಮ್ಯಾಲೇ ಕೇಸು ಹಾಕೀನಿ. ನೀನೂ ಬಾಯಿ ತೆಗಿ ಬೇ.”

ಸೊಸೆ ಗುಳಿಗೆ ನುಂಗಿ, ನಾಲಗೆ ಎತ್ತಿ ತೋರಿಸುವ ತನಕ ಯಮನೂರಮ್ಮ ಮತ್ತೊಬ್ಬರ ಕಡೆ ತಿರುಗುವುದಿಲ್ಲ.

ಯಮನೂರಮ್ಮ ಗುರುಗುಂಟಾದಿಂದ ಗಂಡನ ಜೊತೆ ಕಾಲುವೆಯ ಮಣ್ಣು ಹೊರಲು ಬಂದವಳು. ಕಾಲುವೆಗೆ ನೀರು ಬಂತು, ನೀರಿನ ಹಿಂದೆ ಸೊಳ್ಳೆ ಬಂತು. ಗಂಡ ಗದ್ದೆಪ್ಪ ಚಳಿಜ್ವರದಲ್ಲಿ ಹೋದ ಮೇಲೆ ಆಕೆ ಬುಟ್ಟಿ ಇಳಿಸಿ ದವಾಖಾನೆ ಸೇರಿದಳು.

ಆಗ ಗುಳಿಗೆ ಹಂಚುತ್ತಿದ್ದುದು ಹೊತ್ತೇರಿದ ಮೇಲೆ. ದುಡಿಯುವವರು ಮನೆಯಲ್ಲಿ ಇರುತ್ತಿರಲಿಲ್ಲ. ಎಲ್ಲರ ಪಾಲನ್ನೂ ಅತ್ತೆಯ ಕೈಗೆ ಕೊಡುವುದು ರೂಢಿ. ಎರಡು ವರ್ಷದ ಹಿಂದೆ, ಮಳೆಗಾಲದ ಮುಂಚೆ, ಬಸ್ಸಮ್ಮನ ಸೊಸೆ ಪೀರಮ್ಮ ಬಸುರಿಯಿದ್ದಾಗ ಹಾಸಿಗೆ ಹಿಡಿದಳು. ಮನೆಯ ಉಳಿದವರು ಚಳಿಜ್ವರದಿಂದ ನಡುಗುತ್ತಿದ್ದರೆ ಈಕೆಗೆ ನಡುಕವಿಲ್ಲ. ಬಾಯಿ ತುಂಬ ಹುಣ್ಣು, ವಸಡಿನಲ್ಲಿ ರಕ್ತ.

“ಗುಳಿಗಿ ಒಂದು ವಾರಾನೂ ತಪ್ಪಿಸಿಲ್ಲ ಯಕ್ಕಾ,” ಎಂದು ಬಸ್ಸಮ್ಮ ಹೆಮ್ಮೆಯಿಂದ ಅಂಬಲಿಯ ಗಡಿಗೆ ತೋರಿಸಿದಳು. “ಹುಡ್ರು ಉಗುಳ್ತಾವು. ಅದಕ್ಕ ಎಲ್ಲಾರವೂ ಕುಟ್ಟಿ ಇದರಾಗ ಕಲಸ್ತೀನಿ.”

ಯಮನೂರಮ್ಮ ಗಡಿಗೆ ವಾಲಿಸಿದಳು. ತಳದಲ್ಲಿ ಬಿಳಿ ಪುಡಿ ಕೂತಿತ್ತು. ಎಲ್ಲರೂ ಉಂಡ ಮೇಲೆ ತಳ ಬಳಿದು ಉಣ್ಣುವವಳು ಸೊಸೆ. ಆ ಗಳಿಗೆಯಲ್ಲೇ ಕ್ಯಾಂಪಿನ ಜಿಲಾನಿಸಾಬ್‌ನ ಟ್ರ್ಯಾಕ್ಟರ್ ಹತ್ತಿಸಿ ಪೀರಮ್ಮನನ್ನು ಸಿಂಧನೂರಿಗೆ ಒಯ್ದಳು, ಗಡಿಗೆಯನ್ನೂ ಮಡಿಲಲ್ಲಿಟ್ಟುಕೊಂಡಳು.

ಡಾಕ್ಟರು ಬಿಡಿಸಿ ಹೇಳಿದರು. ಜೀವಕೋಶ ಒಂದು ಎರಡಾಗಲು ನ್ಯೂಕ್ಲಿಯೋಟೈಡ್ ಎಂಬ ಬಿಡಿಭಾಗಗಳು ಬೇಕು. ಅವು ತಯಾರಾಗಲು ಒಂದು ಕಿಣ್ವ ಬೇಕು. ಗುಳಿಗೆ ಮಲೇರಿಯಾ ಜೀವಿಯ ಕಿಣ್ವವನ್ನು ತಡೆಯುತ್ತದೆ. ಅತಿಯಾದರೆ ನಮ್ಮದನ್ನೂ ಬಿಡುವುದಿಲ್ಲ. ಆಗ ರೋಗದೊಡನೆ ಕಾದಾಡುವ ಬಿಳಿ ರಕ್ತಕಣಗಳು ಬೆಳೆಯುವುದೇ ನಿಲ್ಲುತ್ತದೆ. ಯಮನೂರಮ್ಮ ಅದನ್ನು ಕ್ಯಾಂಪಿಗೆ ತಂದದ್ದು ಹೀಗೆ: “ಹುಳದ ಮೇಸ್ತ್ರಿನ್ನ ಕೆಡವಾಕ ಒಂದು ಗುಳಿಗಿ ಸಾಕು. ಮನಿಮಂದೀದೆಲ್ಲಾ ಒಬ್ಬಾಕಿ ನುಂಗಿದ್ರ ನಮ್ಮ ಮೇಸ್ತ್ರಿನೂ ಬೀಳ್ತಾನ. ಆಮ್ಯಾಲ ಮೈಯಾಗ ಗ್ವಾಡಿ ಕಟ್ಟೋರು ಯಾರು?”

ಗುಳಿಗೆ ನಿಂತಿತು. ಪೀರಮ್ಮ ತಿಂಗಳೊಪ್ಪತ್ತು ದವಾಖಾನೆಯಲ್ಲಿದ್ದು ಎದ್ದು ಕೂತಳು. ಈಗ ಮತ್ತೆ ಬುಟ್ಟಿ ಹೊರುತ್ತಾಳೆ.

“ಈ ಸಾಲಿನಾಗ ನಾ ಬಾಯಿ ನೋಡಲಾರದ ಮನಷ್ಯಾ ಇಲ್ಲರೀ,” ಎನ್ನುತ್ತಾಳೆ ಯಮನೂರಮ್ಮ. “ಇಂಜಿನಿಯರ ಸಾಹೇಬ್ರದೂ ನೋಡೀನಿ. ಎರಡು ಹಲ್ಲು ಹುಳುಕು.”

ಆಕೆ ನಸುಕಿಗೇ ಹೊರಡಲು ಶುರುಮಾಡಿ ಎರಡು ಮಳೆಗಾಲ ಕಳೆದಿವೆ. ಸಾಲಿನಲ್ಲಿ ಚಳಿಜ್ವರದಿಂದ ಸತ್ತವರಿಲ್ಲ, ಗುಳಿಗೆಯಿಂದ ಸತ್ತವರೂ ಇಲ್ಲ. ಅದಕ್ಕೂ ಮುಂಚೆ, ಆ ಗಡಿಗೆಯಿಂದ ಹೋದದ್ದು ಪೀರಮ್ಮನ ಹೊಟ್ಟೆಯಲ್ಲಿದ್ದ ಐದು ತಿಂಗಳ ಒಂದು ಕೂಸು.