ಹೆರಿಗೆ ಆಸ್ಪತ್ರೆಯ ಯಂತ್ರದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆರಿಗೆ ಆಸ್ಪತ್ರೆಯ ಹಿಂಬದಿಯಲ್ಲಿ, ಒಗೆದ ಬಟ್ಟೆ ಜೋಡಿಸಿಡುವ ಕೋಣೆಗೆ ಅಂಟಿಕೊಂಡ ಪುಟ್ಟ ಕೋಣೆಯೊಂದಿದೆ. ಅದರ ಬೀಗ ತೆಗೆದು ಹೆಂಗಸೊಬ್ಬರು ಒಳಗೆ ಬರುತ್ತಾರೆ. ದೀಪ ಹಾಕುವುದಿಲ್ಲ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಒಂದು ಗಳಿಗೆ ಸುಮ್ಮನೆ ನಿಂತು ಕಿವಿಗೊಡುತ್ತಾರೆ. ಕಬ್ಬಿಣದ ಕಪಾಟಿನಲ್ಲಿ ಎರಡು ಯಂತ್ರಗಳಿವೆ. ಹಳೆಯದರ ಫ್ಯಾನು ಗೂರಲು ಹತ್ತಿದವರಂತೆ ಉಸಿರೆಳೆಯುತ್ತದೆ. ಮೊನ್ನೆ ಬಂದ ಹೊಸದು ಹಾಲು ಕುಡಿದು ಮಲಗಿದ ಕೂಸಿನ ಹಾಗೆ, ಇದೆಯೋ ಇಲ್ಲವೋ ಎಂಬಷ್ಟೇ ಸದ್ದು ಮಾಡುತ್ತದೆ.

"ದೀಪ ಹಾಕಿದ್ರೆ ಕಣ್ಣು ಮುಂದೆ ಓಡುತ್ತೆ, ಕಿವಿ ಹಿಂದೆ ಬೀಳುತ್ತೆ. ಇದಕ್ಕೆ ಕಾಯಿಲೆ ಬಂದಾಗೆಲ್ಲ ಮೊದ್ಲು ಗೊತ್ತಾಗಿದ್ದು ಕಿವಿಗೇ" ಎನ್ನುತ್ತಾ ಹಳೆಯ ಯಂತ್ರದ ಮೇಲೆ ಅಂಗೈ ಇಡುತ್ತಾರೆ, ಜ್ವರ ನೋಡುವವರ ಹಾಗೆ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಯಂತ್ರದಕ್ಕ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ, ಆ ಹೆಸರು ಹಿಡಿದು ಕರೆದರೆ ಅವರೇ ತಿರುಗಿ ನೋಡಲಿಕ್ಕಿಲ್ಲ. ಇಲ್ಲಿ ಹೆತ್ತ ಪ್ರತಿಯೊಬ್ಬ ತಾಯಿಯ ರಕ್ತದ ಗುಂಪು, ಹಿಂದಿನ ಹೆರಿಗೆಯ ತೊಡಕು, ಕೂಸಿನ ತೂಕ, ಹುಟ್ಟಿದ ಹೊತ್ತು, ಎಲ್ಲವೂ ಈ ಹಳೆಯ ಯಂತ್ರದ, ಅಂದರೆ ಸರ್ವರಿನ ಒಳಗಿದೆ. ಅವನ್ನು ಅಡುಕಿಟ್ಟು, ಕೇಳಿದ ಕೂಡಲೇ ತೆಗೆದುಕೊಡುವುದು ಡೇಟಾಬೇಸ್ ತಂತ್ರಾಂಶ. ಅದನ್ನು ಇಷ್ಟು ವರ್ಷ ಸಾಕಿದವರು ಯಂತ್ರದಕ್ಕ. ಈ ತಿಂಗಳ ಕೊನೆಗೆ ಅವರ ನಿವೃತ್ತಿ. ಹಳೆಯ ಯಂತ್ರವೂ ಅವರ ಜೊತೆಗೇ ಇಳಿಯಬೇಕು. ಹೊಸದರಲ್ಲಿ ಆ ತಂತ್ರಾಂಶವನ್ನು ಯಾವ ರೀತಿ ಕೂರಿಸುವುದು ಎಂಬುದನ್ನು ಇವತ್ತು ಬೆಳಗ್ಗೆ ಅವರೇ ತೀರ್ಮಾನಿಸಬೇಕು. ಅವರು ಹೋದ ಮೇಲೆ ಅದನ್ನು ನೋಡಿಕೊಳ್ಳಬೇಕಾದವರು ಬೇರೆ.

ಅವರು ಈ ಆಸ್ಪತ್ರೆಗೆ ಬಂದದ್ದು ಬೆರಳಚ್ಚು ಮಾಡಲು. ದಾಖಲೆ ಕೋಣೆಯಲ್ಲಿ ಆಗ ಕಡತಗಳು ಸೂರು ಮುಟ್ಟುತ್ತಿದ್ದವು. ಒಂದು ಕಡತ ಎಳೆದರೆ ಹತ್ತು ತಲೆಯ ಮೇಲೆ ಬೀಳುತ್ತಿದ್ದವು. ಮಗಳ ಹೆರಿಗೆಗೆಂದು ಬಂದು ಹೊರಗೆ ಕಾಯುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಈ ಪಾಡು ನೋಡಿದರು. ಕಂಪ್ಯೂಟರ್ ಪಾಠ ಹೇಳುತ್ತಿದ್ದವರು. ಮೊಮ್ಮಗಳನ್ನು ಎತ್ತಿಕೊಂಡು ಮನೆಗೆ ಹೋದವರು ಮರುವಾರ ಒಂದು ಚೀಲ ಹೊತ್ತು ಬಂದರು. ಅದರೊಳಗೆ ಡಿಸ್ಕುಗಳಿದ್ದವು. ಡೇಟಾಬೇಸ್ ತಂತ್ರಾಂಶದ ಮೂಲ ಬರಹ, ಅಂದರೆ ಅದನ್ನು ಬರೆದವರ ಸಾಲುಗಳು ಇದ್ದದ್ದು ಇದ್ದ ಹಾಗೆ. ಯಂತ್ರಕ್ಕೆ ತಿಳಿಯುವ ರೂಪಕ್ಕೆ ಅದನ್ನು ಇಲ್ಲೇ, ಆಗಿದ್ದ ಯಂತ್ರದ ಮೇಲೆಯೇ ಕಂಪೈಲ್ ಮಾಡಿ ಕಟ್ಟಿಕೊಳ್ಳಬೇಕಿತ್ತು.

"ಆಗ ಸಿದ್ಧವಾಗಿ ಸಿಗ್ತಿದ್ದದ್ದು ನಮ್ಮ ಆಗಿನ ಬಡ ಯಂತ್ರಕ್ಕೆ ಒಗ್ಗುತ್ತಿರ್ಲಿಲ್ಲ. ಬೇಡದ್ದೆಲ್ಲ ಬಿಟ್ಟು, ಬೇಕಾದ್ದಷ್ಟೇ ಇಟ್ಟು ನಾವೇ ಕಟ್ಬೇಕಿತ್ತು. ಮೇಷ್ಟ್ರು ಒಂದು ಅಕ್ಷರ ಒತ್ತಿಲ್ಲ ನೋಡಿ. ಪಕ್ಕದಲ್ಲಿ ಕೂತು, ಒತ್ತಮ್ಮ ನೀನೇ, ಅನ್ನೋರು."

ಆ ಮೊದಲ ದಿನ ಅವರ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ಬೆಳಗ್ಗೆ ಶುರುವಾದ ಕೆಲಸ ಸಂಜೆಯಾದರೂ ಮುಗಿಯಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಒಂದರ ಬೆನ್ನಿಗೆ ಒಂದು ಏರುತ್ತಲೇ ಇದ್ದವು. ಅರ್ಥ ಪೂರ್ತಿ ಆಗದಿದ್ದರೂ ತುಟಿಯಲ್ಲೇ ಓದುತ್ತಾ ಕೂತರು. ಸಾಲುಗಳು ಎಲ್ಲಿ ಓಡುತ್ತವೆ, ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತವೆ ಎಂಬುದು ಬರುಬರುತ್ತಾ ಬಾಯಿಪಾಠ ಬಂದ ಪದ್ಯದಂತೆ ಮೈಗೆ ಹತ್ತಿತು. ಈಗ ದೊಡ್ಡ ಸಿಸ್ಟರ್ ಆಗಿರುವವರು ಆಗ ಹೊಸ ನರ್ಸು. ಗಂಟೆಗೊಮ್ಮೆ ಬಾಗಿಲಲ್ಲಿ ತಲೆ ಹಾಕಿ, "ಇನ್ನೂ ಬೆಂದಿಲ್ವಾ ನಿನ್ನ ಅಡುಗೆ?" ಎಂದು ಕೇಳಿ ಹೋಗುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಯಂತ್ರ ಎಲ್ಲೋ ಮುಗ್ಗರಿಸಿ ನಿಂತಿತು. ಅವರಿಗೆ ಅಳುವೇ ಬಂತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಕೊನೇ ಸಾಲು ನೋಡ್ಬೇಡ. ಅದು ಬಿದ್ದ ಜಾಗ ಅಷ್ಟೆ. ಎಡವಿದ ಜಾಗ ಮೇಲೆಲ್ಲೋ ಇದೆ, ಹುಡುಕು" ಎಂದರು. ಮರುದಿನ ಹುಡುಕಿದರು. ಸಿಕ್ಕಿತು. ಮತ್ತೆ ಮೊದಲಿನಿಂದ ಬೇಯಿಸಿದರು.

ಮೇಷ್ಟ್ರು ಈಗಿಲ್ಲ. ಅವರ ಆ ಮೊಮ್ಮಗಳು ಹೋದ ವರ್ಷ ಹೆರಿಗೆಗೆ ಇಲ್ಲಿಗೇ ಬಂದಿದ್ದಳು. ಹೆಸರು ನೋಂದಾಯಿಸುವಾಗ ಯಂತ್ರದಕ್ಕ ಅವಳ ತಾಯಿಯ ಹೆಸರು ಹಾಕಿ ಹುಡುಕಿದರೆ, ಆಗ ಕಡತದಿಂದ ಏರಿಸಿಟ್ಟಿದ್ದ, ಇವಳು ಹುಟ್ಟಿದಾಗಿನ ತೂಕವೇ ಪರದೆ ಮೇಲೆ ಬಂತು. "ಅಯ್ಯೋ ಅಕ್ಕ, ನಾನು ಇಷ್ಟೇ ಇಷ್ಟು ಇದ್ನಾ" ಎಂದು ಅವಳು ತನ್ನ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿ ದೊಡ್ಡ ಸಿಸ್ಟರ್ ಗದರಲು ಬಂದವರು ತಾವೂ ನಿಂತು ನೋಡಿದರು.

ದಿನಕ್ಕೆ ಇಪ್ಪತ್ತರ ಆಸುಪಾಸು ಹೆರಿಗೆಗಳು. ಹಬೆಯಲ್ಲಿ ಕುದಿಸಿದ ಬಟ್ಟೆಯ ವಾಸನೆ, ಗೋಡೆಯಾಚೆಯ ಅಳು, ಯಂತ್ರದ ಗುಂಯ್‌ಗುಡುವಿಕೆ, ಇದರ ನಡುವೆ ಅವರ ಹರೆಯ ಸವೆದಿದೆ. ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ ಮೂಲ ಬರಹ ತರಿಸಿ ತಮ್ಮ ಕೈಯಾರೆ ಕಟ್ಟಿದ್ದಾರೆ. ಕಾಲ ಬದಲಾಗಿ ಬೇರೆಯವರೇ ಕಟ್ಟಿಟ್ಟ ಸಿದ್ಧ ಪ್ಯಾಕೇಜುಗಳು ಚೆನ್ನಾಗಿಯೇ ಸಿಗತೊಡಗಿದರೂ ಅವರ ಕೈ ಅದೇ ದಾರಿ ಹಿಡಿಯಿತು. ಅದನ್ನು ಇಟ್ಟ ಜಾಗ, ಎಬ್ಬಿಸುವ ಕ್ರಮ, ಎಲ್ಲ ಅವರದೇ ಏರ್ಪಾಡು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡು ತಿಂಗಳ ಹಿಂದೆ ಅದು ಪೆಟ್ಟು ಕೊಟ್ಟಿತು. ಅವರ ಜಾಗಕ್ಕೆ ಬರುತ್ತಿರುವುದು ಲೆಕ್ಕಪತ್ರ ವಿಭಾಗದಲ್ಲಿದ್ದ ನಡುವಯಸ್ಸಿನ ಗುಮಾಸ್ತರು. ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಬೇಕಾದ ಆಳಾದ್ದರಿಂದ ಎಲ್ಲರಿಗೂ ಉದ್ದಣ್ಣ. ಕಲಿಯುವ ಆಸೆಯಿಂದ ಅವರು ಅದೇ ಹಳೆಯ ಯಂತ್ರದಲ್ಲಿ ಸಿದ್ಧ ಪ್ಯಾಕೇಜಿನಿಂದ ಇನ್ನೊಂದು ಡೇಟಾಬೇಸ್ ಕೂರಿಸಿ, ಹಿಂದಿನ ತಿಂಗಳವರೆಗಿನ ದಾಖಲೆಗಳ ನಕಲು ತುಂಬಿ ತಾಲೀಮು ಮಾಡಿದ್ದರು. ಮುಗಿದ ಮೇಲೆ ನಿಲ್ಲಿಸಿದ್ದರು. ಆದರೆ ಯಂತ್ರ ನಿಂತು ಮತ್ತೆ ಚಾಲೂ ಆದಾಗ ಪ್ಯಾಕೇಜಿನ ಡೇಟಾಬೇಸು ಯಾರೂ ಎಬ್ಬಿಸದೆ ತಾನಾಗಿ ಏಳುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಉದ್ದಣ್ಣನವರ ತಾಲೀಮಿನ ಡೇಟಾಬೇಸು ಮೊದಲು ಎದ್ದು ಬಾಗಿಲಲ್ಲಿ, ಅಂದರೆ ಆಸ್ಪತ್ರೆಯ ಪರದೆಗಳು ದಾಖಲೆ ಕೇಳಲು ಬರುವ ಜಾಗದಲ್ಲಿ, ಕೂತಿತು. ಯಂತ್ರದಕ್ಕನದು ಆಮೇಲೆ ಎದ್ದು, ಜಾಗ ತುಂಬಿದ್ದು ಕಂಡು, ಸದ್ದಿಲ್ಲದೆ ಮಲಗಿಬಿಟ್ಟಿತು. ಎಲ್ಲ ಪರದೆಗಳೂ ಸರಿಯಾಗೇ ಕಾಣುತ್ತಿದ್ದವು. ಆ ನಕಲು ಮುಗಿದಲ್ಲಿಂದ ಈಚೆಗೆ ಹೆತ್ತವರು ಮಾತ್ರ ಒಬ್ಬರೂ ಇರಲಿಲ್ಲ. ಅದೇ ಹೊತ್ತಿಗೆ, ಹತ್ತು ದಿನದ ಬಾಣಂತಿಯೊಬ್ಬಳನ್ನು ವಿಪರೀತ ರಕ್ತಸ್ರಾವ ಎಂದು ಮನೆಯವರು ಹೊತ್ತು ತಂದರು. ಹೆಸರು ಹಾಕಿದರೆ, ಅಂಥವಳು ಇಲ್ಲಿಗೆ ಬಂದೇ ಇಲ್ಲ ಎಂದಿತು ಪರದೆ. ರಕ್ತದ ಗುಂಪನ್ನು ಮತ್ತೆ ಪರೀಕ್ಷೆ ಮಾಡಿಯೇ ರಕ್ತ ಕೊಡಬೇಕಾಯಿತು. ಯಂತ್ರದಕ್ಕ ಆವತ್ತು ತಂಗಿಯ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಡೇಟಾಬೇಸು ಎಲ್ಲಿದೆ, ಹೇಗೆ ಎಬ್ಬಿಸುವುದು ಎಂದು ಉದ್ದಣ್ಣನವರಿಗೆ ಗೊತ್ತಿರಲಿಲ್ಲ. ಯಂತ್ರದಕ್ಕ ಬಂದವರೇ ತಾಲೀಮಿನದನ್ನು ನಿಲ್ಲಿಸಿ, ಒಂದು ಸಾಲು ಒತ್ತಿ ತಮ್ಮದನ್ನು ಎಬ್ಬಿಸಿದರು. ಬಾಣಂತಿ ಉಳಿದಳು.

"ಎಲ್ಲಾರೂ ಉದ್ದಣ್ಣನ ಬೈದ್ರು. ಪಾಪ, ಅವ್ರ ತಪ್ಪು ಅರ್ಧ. ನನ್ನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತಲ್ಲ, ಅದು ಇನ್ನರ್ಧ. ಆ ಹೆಣ್ಣುಮಗಳು ತಡ್ಕೊಂಡ್ಳು, ಸರಿ. ನಾಳೆ ಬರೋಳು ತಡ್ಕೋತಾಳಾ?"

ಆದರೂ ಕೈ ಕೇಳಬೇಕಲ್ಲ. ಹೊಸ ಯಂತ್ರ ಬಂದ ದಿನವೇ ಮೂಲ ಬರಹದ ಹೊಸ ಆವೃತ್ತಿಯನ್ನು ತರಿಸಿಟ್ಟುಕೊಂಡಿದ್ದಾರೆ. ಕೊನೆಯ ಒಂದು ಸಲ ಕಟ್ಟಬೇಕೆಂಬ ಆಸೆ. ನಿನ್ನೆ ಸಂಜೆ ಮನೆಯಲ್ಲಿ ಅದೇ ಮಾತು ಬಂತು. ಅವರ ಯಜಮಾನರು ದರ್ಜಿ. ಅಂಗಡಿಗಳಲ್ಲಿ ಸಿದ್ಧ ಉಡುಪು ಬಂದ ಮೇಲೆ ಗಿರಾಕಿಗಳು ಕರಗಿ, ಈಗ ಹೆರಿಗೆಗೆ ಬಂದವರು ತೊಡುವ, ಬೆನ್ನಲ್ಲಿ ಲಾಡಿ ಕಟ್ಟುವ ನಿಲುವಂಗಿಗಳನ್ನು ಆಸ್ಪತ್ರೆಗೆ ಹೊಲಿದುಕೊಡುತ್ತಾರೆ.

"ಏನು, ನೀನೂ ರೆಡಿಮೇಡ್ ಕಡೆಗೇ ಹೊರಟ್ಯಾ? ನನ್ನ ಹೊಟ್ಟೆ ಮೇಲೆ ಹೊಡೆದೋರ ಜೊತೆ?" ಎಂದು ಅವರು ಕಾಲೆಳೆದರು.

"ಇನ್ನೂ ಹೊರಟಿಲ್ಲರೀ. ಯೋಚ್ನೆ ಮಾಡ್ತಿದೀನಿ."

"ಅಳತೆ ಹಿಡಿದು ಕಟ್ಟೋ ಕೈ ನಿಂದು. ಅದಕ್ಕೆ ಹೇಳಿದೆ."

"ಆ ಅಳತೆ ನಂಗೆ ಗೊತ್ತು, ಉದ್ದಣ್ಣಂಗೆ ಗೊತ್ತಿಲ್ವಲ್ಲ."

ಯಜಮಾನರು ಹಲ್ಲಲ್ಲಿ ದಾರ ಕಡಿದು ಕೈಯಲ್ಲಿದ್ದ ನಿಲುವಂಗಿ ಕೊಡವಿದರು. "ಇದನ್ನ ಯಾರ ಅಳತೆಗೆ ಹೊಲಿದೆ ಹೇಳು?"

"ಯಾರದ್ದು?"

"ಯಾರದ್ದೂ ಅಲ್ಲ. ಸಣ್ಣಗಿರೋಳು ಎಳೆದು ಕಟ್ಕೋತಾಳೆ, ದಪ್ಪಗಿರೋಳು ಸಡಿಲ ಬಿಡ್ತಾಳೆ. ನೋವು ತಿನ್ನೋ ಹೊತ್ತಲ್ಲಿ ದರ್ಜಿನ ಹುಡುಕ್ಕೊಂಡು ಹೋಗೋಕಾಗುತ್ತಾ? ಹಾಗಂತ ನನ್ನ ಹೊಲಿಗೆ ಒಂದು ಕಡೆ ಬಿಚ್ಚಿದ್ರೆ ಹೇಳು ನೋಡೋಣ."

"ಸಾಕು, ಊಟಕ್ಕೆ ಏಳಿ" ಎಂದರು ಯಂತ್ರದಕ್ಕ. ಆದರೆ ತಟ್ಟೆ ಮುಂದೆ ಕೂತವರು ಬಹಳ ಹೊತ್ತು ಆ ನಿಲುವಂಗಿಯನ್ನೇ ನೋಡುತ್ತಿದ್ದರಂತೆ. ಇದನ್ನು ಹೇಳಿದವರು ಯಜಮಾನರು.

ಈಗ ಕೋಣೆಗೆ ಉದ್ದಣ್ಣ ತಲೆ ತಗ್ಗಿಸಿ ಬರುತ್ತಾರೆ. ಯಂತ್ರ ಬದಲಿಸಲು ಅನುವಾಗಲೆಂದು, ಬೆಳಗಿನ ಪಾಳಿ ಬದಲಾಗುವವರೆಗೆ ವಾರ್ಡಿನವರು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ ಎಂದು ಮೊದಲೇ ಮಾತಾಗಿದೆ. ಉದ್ದಣ್ಣನವರಿಗೆ ಯಂತ್ರದಕ್ಕನ ಮನಸ್ಸು ಗೊತ್ತು.

"ಅಕ್ಕ, ಒಂದ್ಸಲ ನಿಮ್ಮ ಥರಾನೇ ಕಟ್ಟಿಬಿಡಿ. ನಾನು ಪಕ್ಕದಲ್ಲಿ ಕೂತು ಕಲೀತೀನಿ. ನಿಮ್ಗೂ ಸಮಾಧಾನ."

ಯಂತ್ರದಕ್ಕನ ಬೆರಳುಗಳು ಕೀಲಿಮಣೆಯ ಮೇಲೆ ಸುಮ್ಮನೆ ಕೂತಿವೆ. ಗೋಡೆಯಾಚೆ ಒಂದು ಕೂಸು ಅಳಲು ಶುರು ಮಾಡಿ ನಿಲ್ಲಿಸುತ್ತದೆ. ಆಮೇಲೆ ಅವರು ಎದ್ದು, ಕುರ್ಚಿಯನ್ನು ಉದ್ದಣ್ಣನ ಕಡೆಗೆ ತಳ್ಳುತ್ತಾರೆ.

"ಕೂತ್ಕೊಳ್ಳಿ. ಪ್ಯಾಕೇಜೇ ಹಾಕಿ. ಒತ್ತೋದು ನೀವು."

"ಯಾವ್ದು ಅಕ್ಕ? ತಂತ್ರಾಂಶ ಮಾಡೋರ ಹತ್ರ ಇರೋ ಹೊಚ್ಚಹೊಸದಾ? ಇಲ್ಲ, ಎಲ್ಲಾನೂ ಒಂದು ಕಂಟೇನರ್ ಒಳಗೆ ಇಡೋಣ್ವಾ? ಈಗೆಲ್ಲ ಅದೇ ಅಂತಾರೆ."

"ಡಬ್ಬಿ ಒಳಗಿಟ್ರೆ ಡಬ್ಬಿ ಕಾಯೋದನ್ನೂ ಕಲಿಬೇಕು ನೀವು. ಹೊಚ್ಚಹೊಸದರ ಬೆನ್ನು ಹತ್ತೋಕೆ ಇಲ್ಲಿ ಯಾರಿಗೆ ಪುರುಸೊತ್ತಿದೆ? ಈ ಯಂತ್ರದ ಆಪರೇಟಿಂಗ್ ಸಿಸ್ಟಂ ಜೊತೆಗೇ ಬರೋ ಪ್ಯಾಕೇಜ್ ಹಾಕಿ. ಒಂದು ಮೆಟ್ಟಿಲು ಹಳೇದು, ಇರ್ಲಿ. ದೋಷ ತಿದ್ದಿದ್ದೆಲ್ಲ ಅದರ ಜೊತೆಗೇ ಬರುತ್ತೆ. ನಾಳೆ ನೀವೂ ಇಲ್ದೇ ಇದ್ರೆ, ಈ ಕೆಲಸ ಬಲ್ಲೋರು ಯಾರು ಬಂದ್ರೂ ಎಲ್ಲಿದೆ ಅಂತ ಹುಡುಕ್ಬೇಕಾಗಿಲ್ಲ."

ಉದ್ದಣ್ಣ ಒಂದು ಸಾಲು ಒತ್ತುತ್ತಾರೆ. ಲೋಟದ ಚಹಾ ಆರುವ ಮುಂಚೆ ಮುಗಿದುಹೋಗುತ್ತದೆ.

"ಅಷ್ಟೇನಾ?" ಎನ್ನುತ್ತಾರೆ ಯಂತ್ರದಕ್ಕ.

"ಅಷ್ಟೇ ಅಕ್ಕ."

ಅವರ ಮುಖದಲ್ಲಿ ಒಂದು ಕ್ಷಣ, ರೈಲು ಹೊರಟ ಮೇಲೆ ಪ್ಲಾಟ್‌ಫಾರಂನಲ್ಲಿ ಉಳಿದವರ ಕಳೆ. ಏರುವ ಸಾಲುಗಳಿಲ್ಲ, ಕಾಯುವ ಕೆಲಸವಿಲ್ಲ, ಬೆಂದಿತಾ ಎಂದು ಕೇಳುವವರಿಲ್ಲ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮುಂದಿನ ಕೆಲಸ ಹೇಳುತ್ತಾರೆ. ಹಳೆಯದರಿಂದ ದಾಖಲೆಗಳೆಲ್ಲ ಹೊಸದಕ್ಕೆ ಹರಿದು ಬರುತ್ತವೆ. ಅತ್ತ ಎಷ್ಟಿವೆಯೋ ಇತ್ತಲೂ ಅಷ್ಟಿವೆ ಎಂದು ಇಬ್ಬರೂ ನೋಡುತ್ತಾರೆ. ಹಳೆಯದನ್ನು ಜಾಲದಿಂದ ಬಿಡಿಸಿ, ಅದರ ಬಾಗಿಲಿಗೆ ಹೊಸದನ್ನು ಕೂರಿಸುತ್ತಾರೆ.

"ಈಗ ಪ್ಲಗ್ ಕಿತ್ತು ಮತ್ತೆ ಹಾಕಿ" ಎನ್ನುತ್ತಾ ಯಂತ್ರದಕ್ಕ ಹೊರಗೆ ನಡೆಯುತ್ತಾರೆ.

"ನೀವೆಲ್ಲಿ ಹೊರಟ್ರಿ?"

"ನಾನಿಲ್ದೇ ಏಳುತ್ತಾ ನೋಡ್ಬೇಕಲ್ಲ. ಒಳಗೆ ನಿಂತ್ರೆ ಕೈ ತಡೆಯಲ್ಲ."

ಉದ್ದನೆಯ ಓಣಿಯ ಆ ತುದಿ, ದಾಖಲಾತಿ ಕಿಟಕಿಯ ಬಳಿ ಅವರು ಗೋಡೆಗೊರಗಿ ನಿಲ್ಲುತ್ತಾರೆ. ಕಿಟಕಿಯೊಳಗೆ ದೊಡ್ಡ ಸಿಸ್ಟರ್. ಪರದೆ ಒಮ್ಮೆ ಖಾಲಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಸಿಸ್ಟರ್ ಕನ್ನಡಕ ಏರಿಸಿಕೊಂಡು, ನಿನ್ನೆ ಸಂಜೆ ಅವಳಿಗಳನ್ನು ಹೆತ್ತ ತಾಯಿಯ ಹೆಸರು ಒತ್ತುತ್ತಾರೆ.

"ಇದಾಳೆ. ಎರಡೂ ಇದಾವೆ."

"ತೂಕ?"

"ಅದೂ ಇದೆ ಕಣೇ. ಹೋಗಿ ಚಹಾ ಕುಡಿ."

ಯಂತ್ರದಕ್ಕ ಅಲ್ಲೇ ಬೆಂಚಿನ ಮೇಲೆ ಕೂರುತ್ತಾರೆ. ಹೊರಗೆ ಪೂರ್ತಿ ಬೆಳಗಾಗಿದೆ, ಹೊಸ ಪಾಳಿಯವರು ಕೂದಲು ಗಂಟು ಹಾಕಿಕೊಳ್ಳುತ್ತಾ ಬರುತ್ತಿದ್ದಾರೆ. ನಿವೃತ್ತಿಯಾದ ಮೇಲೆ ಏನಾಸೆ ಎಂದರೆ ಮೊದಲು ನಗುತ್ತಾರೆ. ಆಮೇಲೆ ಯೋಚಿಸಿ ಹೇಳುತ್ತಾರೆ:

"ಯಂತ್ರ ಅಂದ್ಮೇಲೆ ಒಂದಲ್ಲ ಒಂದಿನ ಕೆಡುತ್ತೆ. ಕೆಟ್ಟಾಗ ಇವ್ರೇ ಸರಿ ಮಾಡ್ಕೊಂಡು, ಎಲ್ಲಾ ಮುಗಿದ್ಮೇಲೆ, 'ಅಯ್ಯೋ, ಯಂತ್ರದಕ್ಕಂಗೆ ಒಂದು ಮಾತು ಹೇಳೋದೇ ಮರೆತ್ವಲ್ಲ' ಅಂದ್ಕೋಬೇಕು. ಅಷ್ಟಾದ್ರೆ ನಾನು ಕಟ್ಟಿದ್ದು ಸರಿಯಾಗೇ ಕಟ್ಟಿದೀನಿ ಅಂತ ಲೆಕ್ಕ."