ಸರಿಯುತ್ತರ ನಂಬದ ತಾತ
ಹೊಸ ಬಡಾವಣೆ ಜಯನಗರದ ಗಂಗಾಧರಯ್ಯನವರು ಸೌದೆ ಡಿಪೋದ ತಕ್ಕಡಿಯನ್ನಾದರೂ ನಂಬಿಯಾರು, ಮೊಮ್ಮಗಳು ವಿಮಲಳ ಸರಿಯುತ್ತರವನ್ನು ನಂಬುವವರಲ್ಲ. ಮೊರದಲ್ಲಿ ಬೆಲ್ಲ, ಮೆಣಸು, ಹುಣಸೆಹಣ್ಣು ಹರಡಿ, "‘ಬ’ ಅಂತ ಶುರುವಾಗೋದು ತಾ" ಎನ್ನುತ್ತಾರೆ. ಅವಳು ಬೆಲ್ಲ ತಂದರೆ ಸಾಮಾನು ಬದಲಿಸಿ ಮತ್ತೆ ಕೇಳುತ್ತಾರೆ. "ಅಜ್ಜಿ ಕಣ್ಸನ್ನೆ ಮಾಡಿದ್ಲೇನೇ?" ಎಂದು ಅವಳನ್ನೇ ವಿಚಾರಿಸುತ್ತಾರೆ. "ನಿಮ್ಮ ಅನುಮಾನಕ್ಕಿಷ್ಟು! ಮಗೂನೂ ಕಳ್ಳಿ ಮಾಡಿದ್ರಾ?" ಎಂದು ಅವರೆಕಾಯಿ ಸುಲಿಯುತ್ತಿರುವ ಹೆಂಡತಿ ವಾರಿಜಮ್ಮ ರೇಗುತ್ತಾರೆ. ಗಂಗಾಧರಯ್ಯನವರಿಗಿರುವ ಭಯ ಬಾಯಿಪಾಠದ್ದು. ಹಿಂದೆ ಮಗ ಕಿಟ್ಟಿ ಇಡೀ ಪುಸ್ತಕವನ್ನು ಗಡಗಡ ಒಪ್ಪಿಸುತ್ತಿದ್ದ. ಅವನಿಗೆ ಒಂದಕ್ಷರದ ಗುರುತೂ ಇಲ್ಲವೆಂದು ತಿಳಿದ ದಿನ ಇವರು ಕೈ ಸೋಲುವಷ್ಟು ಹೊಡೆದಿದ್ದರು. ಈಗ ವಿಮಲ ತಪ್ಪು ಹೇಳಿದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, "ಪರವಾಗಿಲ್ಲ ಪುಟ್ಟಿ, ಇನ್ನೊಂದ್ಸಲ ಹೇಳು" ಎನ್ನುತ್ತಾರೆ.